ಚಾವಣಿ ಚಿತ್ರದ ಬಣ್ಣ, ಅದನ್ನು ಹಿಡಿದಿಟ್ಟ ಅಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ತಲೆ ಎತ್ತಿ ನೋಡಬೇಕಾದ ಹಳೆಯ ಚಿತ್ರಗಳ ಬಣ್ಣ ಪರೀಕ್ಷೆ ಮಾಡುವುದು ನನ್ನ ಕೆಲಸ. ಹಾಗಂತ ಹೇಳಿದ ಕೂಡಲೇ ಶುರುವಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಇರುತ್ತವೆ. ಕೇಳಿದವರ ಮಾತಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ನಡೆಯುತ್ತದೆ.

## ಶುರುವಿಗೆ

ಕಣ್ಣಿಗೇ ಕಾಣುತ್ತಲ್ಲ, ಇದು ಕೆಂಪು, ಅದು ನೀಲಿ ಅಂತ. ಇದಕ್ಕೆ ಲ್ಯಾಬ್ ಯಾಕೆ?

ಕೆಂಪು ಅನ್ನುವುದನ್ನು ಕಣ್ಣು ಹೇಳುತ್ತದೆ. ಯಾವ ಕೆಂಪು ಅಂತ ಹೇಳುವುದಿಲ್ಲ. ಕಾವಿ ಕೆಂಪು, ಇಂಗಳೀಕ ಕೆಂಪು, ಸೀಸದ ಸಿಂಧೂರ ಕೆಂಪು, ಅರಗಿನಿಂದ ತೆಗೆದದ್ದೂ ಕೆಂಪು. ಕಾವಿ ಅಂದರೆ ಕಬ್ಬಿಣದ ಅಂಶದ ಮಣ್ಣು, ಅದಕ್ಕೆ ಬೆಳಕು, ಸುಣ್ಣ ಯಾವುದರ ಹಂಗೂ ಇಲ್ಲ. ಇಂಗಳೀಕದಲ್ಲಿ ಇರುವುದು ಪಾದರಸ ಮತ್ತು ಗಂಧಕ. ಬೆಳಕಿನ ಜೊತೆ ಕ್ಲೋರಿನ್ ಅಂಶವೂ ಸೇರಿದರೆ ಅದು ಕಪ್ಪಾಗಬಹುದು. ಸಿಂಧೂರ ಕ್ರಮೇಣ ಕಂದು ತಿರುಗುತ್ತದೆ. ಅರಗಿನ ಕೆಂಪು ಬೆಳಕಿಗೆ ಮಾಸುತ್ತದೆ.

ಚಾವಣಿಯ ಕೆಳಗೆ ಎಷ್ಟು ಬೆಳಕು ಬಿಡಬೇಕು, ಯಾವ ದ್ರಾವಣದಿಂದ ಒರೆಸಬಹುದು, ಎಲ್ಲಿ ಕೈ ಹಾಕಲೇಬಾರದು ಅನ್ನುವುದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಲ್ಯಾಬ್ ಬೇಕಾಗುವುದು ಅದಕ್ಕೆ.

ಬಣ್ಣ ಗೊತ್ತಾದರೆ ಸಾಕಲ್ವಾ? ಅಂಟನ್ನೂ ಯಾಕೆ ಹುಡುಕುತ್ತೀರಿ?

ಹಳೆಯ ಬಣ್ಣ ಅಂದರೆ ಎರಡು ವಸ್ತು. ಒಂದು, ನುಣ್ಣಗೆ ಅರೆದ ಬಣ್ಣದ ಪುಡಿ. ಇದನ್ನು ಪುಸ್ತಕದಲ್ಲಿ ವರ್ಣದ್ರವ್ಯ ಅನ್ನುತ್ತಾರೆ. ಇನ್ನೊಂದು, ಆ ಪುಡಿಯನ್ನು ಮೇಲ್ಮೈಗೆ ಹಿಡಿದಿಡುವ ಅಂಟು. ಗೋಂದು, ಚರ್ಮ ಮೂಳೆ ಬೇಯಿಸಿ ತೆಗೆದ ಅಂಟು, ಮೊಟ್ಟೆ, ಹಾಲಿನ ಕೇಸಿನ್, ಒಣಗುವ ಎಣ್ಣೆ, ಇವುಗಳಲ್ಲಿ ಯಾವುದಾದರೂ ಆಗಿರಬಹುದು.

ಚಿತ್ರ ಉದುರುತ್ತಿದೆ ಅಂದರೆ ಹೆಚ್ಚಿನ ಸಲ ಕೈಕೊಟ್ಟಿರುವುದು ಅಂಟು. ಪುಡಿ ಚೆನ್ನಾಗಿಯೇ ಇರುತ್ತದೆ, ಹಿಡಿತ ಹೋಗಿರುತ್ತದೆ. ಶುಚಿ ಮಾಡುವಾಗ ಅಪಾಯ ಇರುವುದೂ ಅಂಟಿಗೇ. ಗೋಂದು, ಚರ್ಮದ ಅಂಟು ನೀರಿಗೆ ಸಡಿಲವಾಗುತ್ತವೆ. ಎಣ್ಣೆ ಕ್ಷಾರಕ್ಕೆ ಸೋಲುತ್ತದೆ. ಅಂಟು ಯಾವುದು ಅಂತ ತಿಳಿಯದೆ ಒದ್ದೆ ಹತ್ತಿ ಹಿಡಿದು ಹೋದರೆ ಮಸಿಯ ಜೊತೆ ಚಿತ್ರವೂ ಹತ್ತಿಗೇ ಬರುತ್ತದೆ.

ಚಾವಣಿ ಚಿತ್ರ ಅಂದರೆ ಫ್ರೆಸ್ಕೋ ತಾನೇ?

ಇಲ್ಲ. ಈ ತಪ್ಪು ಎಷ್ಟು ಹರಡಿದೆ ಅಂದರೆ ಸುಣ್ಣ ಕಂಡಲ್ಲೆಲ್ಲ ಫ್ರೆಸ್ಕೋ ಅನ್ನುತ್ತಾರೆ. ಹಸಿ ಸುಣ್ಣದ ಗಾರೆಯ ಮೇಲೆ ನೀರಲ್ಲಿ ಕಲಸಿದ ಬಣ್ಣ ಹಚ್ಚಿದರೆ ಮಾತ್ರ ಅದು ಫ್ರೆಸ್ಕೋ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಪುಡಿ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬೇರೆ ಅಂಟಿನ ಅಗತ್ಯವೇ ಇಲ್ಲ.

ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಬರೆದದ್ದು ಮುಖ್ಯವಾಗಿ ಫ್ರೆಸ್ಕೋ. ಅಜಂತಾದ ಚಾವಣಿಗಳು ಹಾಗಲ್ಲ. ಅಲ್ಲಿ ಮಣ್ಣಿನ ಗಿಲಾವು, ಅದರ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಸ್ವಿಟ್ಜರ್ಲೆಂಡ್‌ನ ಜಿಲ್ಲಿಸ್ ಚರ್ಚಿನಲ್ಲಿ 12ನೇ ಶತಮಾನದ 153 ಮರದ ಹಲಗೆಗಳಿವೆ. ಮರದ ಮೇಲೆ ಫ್ರೆಸ್ಕೋ ಬರೆಯುವುದು ಹೇಗೆ? ಇನ್ನು ಕೆಲವು ಕಡೆ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಆಮೇಲೆ ಚಾವಣಿಗೆ ಅಂಟಿಸಿರುತ್ತಾರೆ.

ಒಂದೇ ಚಿತ್ರದಲ್ಲಿ ಎರಡೂ ಬೆರೆಯುವುದುಂಟು. ಅಝುರೈಟ್ ಅನ್ನುವ ತಾಮ್ರದ ನೀಲಿ ಹಸಿ ಸುಣ್ಣದ ಜೊತೆ ಸರಿಹೋಗುವುದಿಲ್ಲ. ಅದಕ್ಕೇ ಫ್ರೆಸ್ಕೋ ಬರೆಯುವವರೂ ಅದನ್ನು ಗಾರೆ ಒಣಗಿದ ಮೇಲೆ ಅಂಟಿನಲ್ಲಿ ಹಚ್ಚುತ್ತಿದ್ದರು. ಎಷ್ಟೋ ಚಿತ್ರಗಳಲ್ಲಿ ಮೈಬಣ್ಣ, ಕಾವಿ ಎಲ್ಲ ಗಟ್ಟಿಯಾಗಿದ್ದು ನೀಲಿ ಬಟ್ಟೆಯೊಂದೇ ಉದುರಿಹೋಗಿರುತ್ತದೆ. ಕಾರಣ ಇದೇ.

ಗೋಡೆ ಚಿತ್ರಕ್ಕೂ ಚಾವಣಿಗೂ ಪರೀಕ್ಷೆಯಲ್ಲಿ ಏನು ವ್ಯತ್ಯಾಸ?

ಮೊದಲನೆಯದು ಕತ್ತು ನೋವು. ತಮಾಷೆಗೆ ಹೇಳುತ್ತಿಲ್ಲ. ಯಂತ್ರದ ತಲೆಯನ್ನು ಮೇಲ್ಮುಖವಾಗಿ, ಚಿತ್ರಕ್ಕೆ ತಾಗದಂತೆ, ಒಂದೆರಡು ಸೆಂಟಿಮೀಟರ್ ದೂರದಲ್ಲಿ ಅಲುಗದೆ ನಿಲ್ಲಿಸಬೇಕು. ಸಾರವೆಯ ಮೇಲೆ ಇನ್ನೊಬ್ಬರು ನಡೆದರೆ ಹಲಗೆ ತೂಗುತ್ತದೆ, ಗುರಿ ತಪ್ಪುತ್ತದೆ. ಲೇಸರ್ ಬಿಟ್ಟು ವಸ್ತು ಯಾವುದು ಅಂತ ಓದುವ ರಾಮನ್ ಯಂತ್ರದ ಚುಕ್ಕಿ ಕೂದಲೆಳೆಗಿಂತ ಚಿಕ್ಕದು. ಆದ್ದರಿಂದ ಓದಿಗೆ ಕೂತಾಗ ಸಾರವೆಯಲ್ಲಿ ಯಾರೂ ಕದಲಬಾರದು ಅಂತ ಕೂಗಿ ಹೇಳುತ್ತೇವೆ.

ಎರಡನೆಯದು ಮಸಿ. ದೀಪ, ಧೂಪ, ಮೇಣದಬತ್ತಿ ಯಾವುದರ ಹೊಗೆಯೇ ಆಗಲಿ, ನೇರ ಹೋಗಿ ಕೂರುವುದು ಚಾವಣಿಯ ಮೇಲೆ. ಮೂರನೆಯದು ನೀರು. ಗೋಡೆಗೆ ತೇವ ಹೆಚ್ಚಾಗಿ ನೆಲದಿಂದ ಏರುತ್ತದೆ. ಚಾವಣಿಗೆ ಮಾಡಿನಿಂದ ಇಳಿಯುತ್ತದೆ, ಜೊತೆಗೆ ಗಾರೆಯಲ್ಲಿರುವ ಉಪ್ಪನ್ನೂ ಹೊತ್ತು ತರುತ್ತದೆ. ಆ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಪದರವನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯಲ್ಲಾದರೆ ಸಡಿಲವಾದ ಚಕ್ಕೆ ಸ್ವಲ್ಪ ಕಾಲ ಕಚ್ಚಿಕೊಂಡಿರುತ್ತದೆ. ಚಾವಣಿಯಲ್ಲಿ ಬಿದ್ದೇ ಹೋಗುತ್ತದೆ.

## ಪರೀಕ್ಷೆ ನಡೆಯುವ ಬಗೆ

ಚಿತ್ರ ಮುಟ್ಟದೇ ಏನೇನು ತಿಳಿಯಬಹುದು?

ತುಂಬಾ ತಿಳಿಯಬಹುದು, ಅದೂ ಬರೀ ಬೆಳಕಿನಿಂದ. ನಾನಂತೂ ಮೊದಲ ದಿನ ಯಂತ್ರದ ಪೆಟ್ಟಿಗೆ ತೆಗೆಯುವುದೇ ಇಲ್ಲ. ಒಂದು ಟಾರ್ಚನ್ನು ಚಾವಣಿಗೆ ಸಮಾನಾಂತರವಾಗಿ ಓರೆಯಾಗಿ ಹಿಡಿದರೆ ಉಬ್ಬು, ಬಿರುಕು, ಗೀರಿದ ರೇಖೆ, ಒಂದು ದಿನದ ಗಾರೆಗೂ ಮರುದಿನದ ಗಾರೆಗೂ ನಡುವಿನ ಸಂದು ಎಲ್ಲ ಎದ್ದು ಕಾಣುತ್ತವೆ.

ಆಮೇಲೆ ಕತ್ತಲು ಮಾಡಿ ನೇರಳಾತೀತ ಬೆಳಕು ಬಿಡುತ್ತೇವೆ. ಅರಗಿನ ವಾರ್ನಿಷ್ ಕಿತ್ತಳೆಯಾಗಿ ಹೊಳೆಯುತ್ತದೆ. ಸತುವಿನ ಬಿಳಿ ಹಳದಿ ಹಸಿರಾಗಿ ಕಾಣುತ್ತದೆ. ಆಮೇಲಿನವರು ತೇಪೆ ಹಾಕಿದ ಜಾಗಗಳು ಬೇರೆಯದೇ ಬಣ್ಣದಲ್ಲಿ ನಿಲ್ಲುತ್ತವೆ. ಅವಕೆಂಪು ಕ್ಯಾಮೆರಾ ಹಾಕಿದರೆ ಮೇಲಿನ ಬಣ್ಣ ಪಾರದರ್ಶಕವಾಗಿ, ಅಡಿಯಲ್ಲಿ ಇದ್ದಿಲಿನಿಂದ ಬರೆದ ಗೆರೆ ಹೊರಗೆ ಬರುತ್ತದೆ. ಅವಕೆಂಪು ಮತ್ತು ಮಾಮೂಲಿ ಚಿತ್ರ ಬೆರೆಸಿ ಹುಸಿಬಣ್ಣದ ಚಿತ್ರ ಮಾಡಿದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ನೀಲಿ ಬೇರೆಯಾಗುತ್ತವೆ. ರಾಜಾವರ್ತ (ಲಾಪಿಸ್ ಲಾಜುಲಿ) ಕಲ್ಲಿನ ಪುಡಿಯ ನೀಲಿ ಕೆಂಪಾಗುತ್ತದೆ, ಅಝುರೈಟ್ ಕಡುನೀಲಿಯಾಗಿಯೇ ಉಳಿಯುತ್ತದೆ.

ಪ್ರಾಚೀನ ಈಜಿಪ್ಟಿನ ನೀಲಿ ಇನ್ನೂ ಮಜಾ. ಅದರ ಮೇಲೆ ಮಾಮೂಲಿ ಬೆಳಕು ಬಿದ್ದರೆ 910 ನ್ಯಾನೋಮೀಟರ್ ಆಸುಪಾಸಿನಲ್ಲಿ, ಅಂದರೆ ನಮ್ಮ ಕಣ್ಣಿಗೆ ಕಾಣದ ಅವಕೆಂಪಿನಲ್ಲಿ, ಅದು ತಾನೇ ಬೆಳಗುತ್ತದೆ. ಪೂರ್ತಿ ಅಳಿಸಿಹೋಗಿದೆ ಅಂದುಕೊಂಡ ಕಡೆ ಒಂದೇ ಒಂದು ಕಣ ಉಳಿದಿದ್ದರೂ ಕ್ಯಾಮೆರಾದಲ್ಲಿ ನಕ್ಷತ್ರದ ಹಾಗೆ ಮಿನುಗುತ್ತದೆ.

ಎಕ್ಸ್‌ಆರ್‌ಎಫ್ ಗನ್ ಹಿಡಿದರೆ ಬಣ್ಣದ ಹೆಸರು ಪರದೆ ಮೇಲೆ ಬರುತ್ತಂತೆ. ನಿಜವಾ?

ಈ ಗನ್ ಚಿತ್ರದ ಮೇಲೆ ಎಕ್ಸ್‌ರೇ ಬಿಟ್ಟು, ಅಲ್ಲಿಂದ ಮರಳಿ ಬರುವ ಕಿರಣವನ್ನು ಓದುತ್ತದೆ. ಪರದೆಗೆ ಬರುವುದು ಮೂಲಧಾತುಗಳ ಹೆಸರು. ಬಣ್ಣದ ಹೆಸರನ್ನು ನಾವು ಊಹಿಸಬೇಕು. ಕೆಂಪು ಜಾಗದಲ್ಲಿ ಪಾದರಸ ಬಂತು ಅಂದರೆ ಇಂಗಳೀಕ ಅನ್ನಬಹುದು, ಅಲ್ಲಿ ಗೊಂದಲ ಕಡಿಮೆ. ಹಸಿರು ಜಾಗದಲ್ಲಿ ತಾಮ್ರ ಬಂತು ಅನ್ನಿ. ಅದು ಮ್ಯಾಲಕೈಟ್ ಕಲ್ಲಿನ ಪುಡಿಯಾ, ತಾಮ್ರದ ಕಿಲುಬಿನಿಂದ ಮಾಡಿದ ಹಸಿರಾ, ತಾಮ್ರದ ಕ್ಲೋರೈಡಾ? ಗನ್ ಹೇಳುವುದಿಲ್ಲ.

ಹಗುರ ಧಾತುಗಳ ವಿಷಯದಲ್ಲಿ ಅದು ಇನ್ನೂ ಬಡವ. ರಾಜಾವರ್ತದ ನೀಲಿಯಲ್ಲಿರುವುದು ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಗಂಧಕ. ಅವುಗಳ ಸಂಕೇತ ಗಾಳಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ಅಫ್ಘಾನಿಸ್ತಾನದ ಗಣಿಯಿಂದ ಬಂದ ದುಬಾರಿ ನೀಲಿಯನ್ನು ಗನ್ ಎಷ್ಟೋ ಸಲ ಬರೀ ಸುಣ್ಣ ಅಂತ ತೋರಿಸುತ್ತದೆ. ನೀಲಿ ಇದೆ, ತಾಮ್ರ ಇಲ್ಲ, ಕೋಬಾಲ್ಟ್ ಇಲ್ಲ, ಕಬ್ಬಿಣವೂ ಲೆಕ್ಕಕ್ಕಿಲ್ಲ ಅಂದಾಗ ರಾಜಾವರ್ತ ಅಥವಾ ನೀಲಿಗಿಡದ ಬಣ್ಣದ ಅನುಮಾನ ಬರಬೇಕು.

ಇನ್ನೊಂದು ಬಲೆ ಇದೆ, ಹೊಸಬರು ಬಿದ್ದೇ ಬೀಳುತ್ತಾರೆ. ಆರ್ಸೆನಿಕ್‌ನ ಮುಖ್ಯ ಗೆರೆ 10.54 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ (ಇದು ಕಿರಣದ ಶಕ್ತಿಯ ಅಳತೆ). ಸೀಸದ್ದು 10.55ರಲ್ಲಿ. ಎರಡೂ ಒಂದರ ಮೇಲೊಂದು ಕೂರುತ್ತವೆ. ಸೀಸದ ಬಿಳಿ ಇರುವ ಹಳದಿಯನ್ನು ಸಾಫ್ಟ್‌ವೇರ್ ‘ಆರ್ಸೆನಿಕ್’ ಅಂದುಬಿಟ್ಟರೆ ಅರದಾಳ ಅನ್ನುವ ಆರ್ಸೆನಿಕ್ ಹಳದಿ ಸಿಕ್ಕಿತು ಅಂತ ವರದಿ ಬರೆದುಬಿಡುತ್ತಾರೆ. ಸೀಸದ ಇನ್ನೊಂದು ಗೆರೆ 12.6ರ ಹತ್ತಿರ ಇದೆ, ಆರ್ಸೆನಿಕ್‌ದು 11.7ರಲ್ಲಿ. ಅವೆರಡನ್ನು ಕಣ್ಣಾರೆ ನೋಡಿ ಆಮೇಲೆ ಮಾತಾಡಬೇಕು. ಪರದೆ ಕೊಟ್ಟ ಪಟ್ಟಿಯನ್ನು ಹಾಗೇ ನಕಲು ಮಾಡಿದ ವರದಿ ನನ್ನ ಮೇಜಿಗೆ ಬಂದರೆ ನಾನು ಪಕ್ಕಕ್ಕಿಡುತ್ತೇನೆ.

ನೆನಪಿಡಬೇಕಾದ ಇನ್ನೊಂದು ವಿಷಯ: ಕಿರಣ ಪದರಗಳನ್ನು ತೂರಿಕೊಂಡು ಹೋಗುತ್ತದೆ. ಮರದ ಚಾವಣಿಯಲ್ಲಿ ಕಬ್ಬಿಣ ಜಾಸ್ತಿ ಬಂದರೆ ಕಾವಿ ಅನ್ನುವ ಮೊದಲು ಆ ಜಾಗದ ಹಿಂದೆ ಮೊಳೆ ಇದೆಯಾ ನೋಡಿ.

ಹಾಗಾದರೆ ರಾಮನ್ ಯಂತ್ರ ಒಂದಿದ್ದರೆ ಸಾಕಲ್ವಾ?

ಸಿ. ವಿ. ರಾಮನ್ 1928ರಲ್ಲಿ ಕಂಡುಕೊಂಡ ಬೆಳಕಿನ ಚದುರುವಿಕೆ ಇವತ್ತು ಬಣ್ಣ ಪರೀಕ್ಷೆಯ ಅಚ್ಚುಮೆಚ್ಚಿನ ಸಾಧನ. ಇದು ಅಣುಗಳ ಕಂಪನ ಓದುತ್ತದೆ, ಆದ್ದರಿಂದ ಧಾತು ಬಿಟ್ಟು ನೇರ ವಸ್ತುವಿನ ಹೆಸರನ್ನೇ ಹೇಳಬಲ್ಲದು. ಗೆರೆಯ ಜಾಗವನ್ನು ತರಂಗಸಂಖ್ಯೆಯಲ್ಲಿ, ಅಂದರೆ ಒಂದು ಸೆಂಟಿಮೀಟರ್‌ಗೆ ಎಷ್ಟು ಅಲೆ ಅಂತ ಲೆಕ್ಕ ಹಾಕುತ್ತೇವೆ: ಇಂಗಳೀಕಕ್ಕೆ 252ರಲ್ಲಿ ಚೂಪಾದ ಗೆರೆ, ರಾಜಾವರ್ತಕ್ಕೆ 548ರಲ್ಲಿ, ಸುಣ್ಣಕಲ್ಲಿಗೆ 1086ರಲ್ಲಿ. ಗನ್‌ಗೆ ಕಾಣದ ರಾಜಾವರ್ತವನ್ನು ಇದು ಕ್ಷಣದಲ್ಲಿ ಹಿಡಿಯುತ್ತದೆ.

ಆದರೆ ಹಳೆಯ ಅಂಟು, ವಾರ್ನಿಷ್ ಎಲ್ಲ ಲೇಸರ್ ಬಿದ್ದ ಕೂಡಲೇ ತಾವೇ ಹೊಳೆಯಲು ಶುರುಮಾಡುತ್ತವೆ. ಆ ಹೊಳಪಿನಲ್ಲಿ ಗೆರೆಗಳೆಲ್ಲ ಮುಳುಗಿಹೋಗುತ್ತವೆ. ಲೇಸರ್ ಶಕ್ತಿ ಏರಿಸೋಣ ಅಂದರೆ ಬಣ್ಣವೇ ಸುಡುತ್ತದೆ. ಹಳದಿ ಕಾವಿಯಲ್ಲಿ ನೀರಿನ ಅಂಶ ಇರುತ್ತದೆ. ಬಿಸಿ ಜಾಸ್ತಿಯಾದರೆ ಅದು ಆರಿ ಕೆಂಪು ಕಾವಿಯಾಗಿಬಿಡುತ್ತದೆ. ಹಳದಿ ಜಾಗದಲ್ಲಿ ಕೆಂಪು ಕಾವಿಯ ಗೆರೆ ಬಂತು ಅಂತ ಆಶ್ಚರ್ಯಪಡುವ ಮುಂಚೆ, ಅದನ್ನು ಕೆಂಪು ಮಾಡಿದ್ದು ನಾವೇ ಅಲ್ವಾ ಅಂತ ಕೇಳಿಕೊಳ್ಳಬೇಕು.

ಚೂರು ಕೀಳಲೇಬೇಕಾ? ಚಿತ್ರ ಹಾಳಾಗಲ್ವಾ?

ಬಣ್ಣದ ಪುಡಿ ಮಟ್ಟಿಗೆ ಎಷ್ಟೋ ಸಲ ಬೇಡ. ಅಂಟು ಮತ್ತು ಪದರದ ಕ್ರಮ ತಿಳಿಯಬೇಕಾದರೆ ಬೇಕು. ತೆಗೆಯುವ ಚೂರು ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ಸಾಸಿವೆ ಕಾಳೂ ಅದರ ಮುಂದೆ ಬೆಟ್ಟ. ಈಗಾಗಲೇ ಬಿರುಕು ಬಿಟ್ಟ ಅಂಚಿನಿಂದ, ಶಸ್ತ್ರಚಿಕಿತ್ಸೆಯ ಬ್ಲೇಡಿನ ತುದಿಯಲ್ಲಿ ತೆಗೆಯುತ್ತೇವೆ. ಮುಖ, ಕಣ್ಣು, ಬೆರಳಿನ ಹತ್ತಿರ ಹೋಗುವುದಿಲ್ಲ.

ಅನುಮತಿ ಇಲ್ಲದೆ, ಪ್ರಶ್ನೆ ಇಲ್ಲದೆ ತೆಗೆಯಬಾರದು. ‘ಬಂದಿದ್ದೇವೆ, ಇರಲಿ ಹತ್ತು ಚೂರು’ ಅನ್ನುವ ಮನೋಭಾವ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಪ್ರತಿ ಚೂರಿನ ಎದುರು ಒಂದು ಪ್ರಶ್ನೆ ಬರೆದಿರಬೇಕು: ಈ ನೀಲಿಯ ಕೆಳಗೆ ಇನ್ನೊಂದು ನೀಲಿ ಇದೆಯಾ? ಈ ಹೊಳಪು ವಾರ್ನಿಷ್ಷಾ? ಪ್ರಶ್ನೆ ಹೊಳೆಯದಿದ್ದರೆ ಬ್ಲೇಡ್ ಕೆಳಗಿಡಿ.

ಅಷ್ಟು ಚಿಕ್ಕ ಚೂರಲ್ಲಿ ಕಾಣುವುದೇನು?

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಚೂರನ್ನು ಪಾರದರ್ಶಕ ರೆಸಿನ್‌ನಲ್ಲಿ ಅದ್ದಿ ಗಟ್ಟಿಯಾಗಲು ಬಿಡುತ್ತೇವೆ. ಆಮೇಲೆ ಅಡ್ಡಲಾಗಿ ಉಜ್ಜಿ, ನುಣುಪು ಕಾಗದಗಳಲ್ಲಿ ತಿಕ್ಕಿ ಕನ್ನಡಿಯಂತೆ ಮಾಡುತ್ತೇವೆ. ಈಗ ಚಿತ್ರವನ್ನು ಮುಂದಿನಿಂದ ನೋಡುವ ಬದಲು ಪಕ್ಕದಿಂದ, ಕೊಯ್ದ ಹಾಗೆ ನೋಡುತ್ತೇವೆ.

ನೀಲಿ ಆಕಾಶ ಬರೆದ ಒಂದು ಚಾವಣಿ ಅಂದುಕೊಳ್ಳಿ. ಸೂಕ್ಷ್ಮದರ್ಶಕದ ಕೆಳಗೆ ತಳದಲ್ಲಿ ಬಿಳಿ ಗಾರೆ, ನಡುನಡುವೆ ಗಾಜಿನಂಥ ಮರಳಿನ ಕಣ. ಅದರ ಮೇಲೆ ಸುಣ್ಣದಲ್ಲಿ ಇದ್ದಿಲು ಬೆರೆಸಿದ ಬೂದು ಪದರ. ದುಬಾರಿ ನೀಲಿ ಕಡಿಮೆ ಖರ್ಚಾಗಲಿ, ಬಣ್ಣವೂ ಗಾಢವಾಗಿ ಕಾಣಲಿ ಅಂತ ಹಾಕಿದ್ದು. ಅದರ ಮೇಲೆ ಒರಟು ಒರಟಾಗಿ ಒಡೆದ ನೀಲಿ ಹರಳುಗಳು, ಅಝುರೈಟ್. ನುಣ್ಣಗೆ ಅರೆದರೆ ಅದು ಪೇಲವವಾಗುತ್ತದೆ, ಆದ್ದರಿಂದ ದಪ್ಪಗೇ ಬಿಟ್ಟಿದ್ದಾರೆ. ಆ ಹರಳುಗಳ ತಲೆಯ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೆರೆ. ಮಸಿ. ಅದರ ಮೇಲೆ ಮತ್ತೊಂದು ನೀಲಿ, ಆದರೆ ಇಲ್ಲಿ ಕಣಗಳೇ ಕಾಣುವುದಿಲ್ಲ, ಬಿಳಿಯಲ್ಲಿ ಕದಡಿದ ಶಾಯಿಯ ಹಾಗೆ ಇದೆ. ಪ್ರಷ್ಯನ್ ನೀಲಿ ಅನ್ನುವ ಕೃತಕ ಬಣ್ಣ ಇರಬಹುದು.

ಆ ಮಸಿಯ ಗೆರೆಯೇ ಇಡೀ ಕಥೆ. ಮೊದಲ ಆಕಾಶಕ್ಕೂ ಎರಡನೆಯದಕ್ಕೂ ನಡುವೆ ಹೊಗೆ ಕೂರುವಷ್ಟು ವರ್ಷ ಕಳೆದಿವೆ ಅಂತ ಅದು ಹೇಳುತ್ತದೆ. ಇಂಗ್ಲೆಂಡಿನ ಪೀಟರ್‌ಬರೋ ಕೆಥೆಡ್ರಲ್‌ನ 13ನೇ ಶತಮಾನದ ಮರದ ಚಾವಣಿಗೆ 18 ಮತ್ತು 19ನೇ ಶತಮಾನಗಳಲ್ಲಿ ಮತ್ತೆ ಬಣ್ಣ ಹಚ್ಚಿದ್ದಾರೆ. ಅಂಥ ಕಡೆ ಮೇಲ್ಮೈಗೆ ಗನ್ ಹಿಡಿದು ‘ಮಧ್ಯಯುಗದ ಬಣ್ಣ’ ಅಂದರೆ ನಗೆಪಾಟಲು. ಯಾವ ಪದರದ ಬಣ್ಣ ಅಂತ ಮೊದಲು ಕೇಳಬೇಕು.

ನಮ್ಮ ಹಳೇ ಚಾವಣಿಯಿಂದ ಚಕ್ಕೆ ಉದುರುತ್ತಿದೆ. ಎತ್ತಿಟ್ಟುಕೊಳ್ಳಲಾ?

ಎತ್ತಿಡಿ, ಕೀಳಬೇಡಿ. ಬಿದ್ದ ಚಕ್ಕೆಯನ್ನು ಬರಿಗೈಯಲ್ಲಿ ಮುಟ್ಟದೆ ಮೆತ್ತನೆಯ ಕುಂಚದಿಂದ ಗಾಜಿನ ಸೀಸೆಗೋ ಅಲ್ಯೂಮಿನಿಯಂ ಹಾಳೆಗೋ ಸರಿಸಿ. ಪ್ಲಾಸ್ಟಿಕ್ ಕವರ್ ಬೇಡ, ಅದರ ಮೆದುಕಾರಕಗಳು ಚೂರಿಗೆ ಅಂಟಿ ಅಂಟಿನ ಪರೀಕ್ಷೆಯಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತವೆ. ಸೆಲೋಟೇಪ್ ಅಂತೂ ಬೇಡವೇ ಬೇಡ. ಎಲ್ಲಿ ಬಿತ್ತು, ಯಾವತ್ತು ಬಿತ್ತು ಬರೆದು, ಮೇಲೆ ಯಾವ ಜಾಗ ಬೋಳಾಗಿದೆ ಅಂತ ಒಂದು ಫೋಟೋ ತೆಗೆಯಿರಿ. ಜಾಗ ಗೊತ್ತಿಲ್ಲದ ಚಕ್ಕೆಯಿಂದ ಹೇಳಬಹುದಾದದ್ದು ಅರ್ಧವೂ ಇಲ್ಲ. ಮಾಡು ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಬಣ್ಣದ ಪರೀಕ್ಷೆ ಕಾಯಬಲ್ಲದು.

## ಇನ್ನೂ ಆಳಕ್ಕೆ

ಎಣ್ಣೆಯಾ, ಮೊಟ್ಟೆಯಾ, ಚರ್ಮದ ಅಂಟಾ, ಹೇಗೆ ಕಂಡುಹಿಡಿಯುತ್ತೀರಿ?

ಮೊದಲ ಹೆಜ್ಜೆ ಎಫ್‌ಟಿಐಆರ್. ಅವಕೆಂಪು ಬೆಳಕನ್ನು ಯಾವ ಕಂಪನ ಹೀರುತ್ತದೆ ಅಂತ ನೋಡುವುದು. ಅದೇ ತರಂಗಸಂಖ್ಯೆಯ ಲೆಕ್ಕದಲ್ಲಿ 1650 ಮತ್ತು 1550ರ ಹತ್ತಿರ ಜೋಡಿ ಗೆರೆ ಬಂದರೆ ಪ್ರೋಟೀನ್ ಇದೆ, 1740ರ ಹತ್ತಿರ ಬಂದರೆ ಎಣ್ಣೆಯ ಸೂಚನೆ. ಇದು ಗುಂಪಿನ ಹೆಸರು ಹೇಳುತ್ತದೆ ಅಷ್ಟೇ. ಸುಣ್ಣದ ಚಾವಣಿಯಲ್ಲಿ ಸುಣ್ಣದ್ದೇ ಗದ್ದಲ ಎಷ್ಟಿರುತ್ತದೆ ಅಂದರೆ ಒಂದೆರಡು ಶೇಕಡದಷ್ಟು ಉಳಿದ ಅಂಟಿನ ದನಿ ಕೇಳುವುದೇ ಇಲ್ಲ.

ಮುಂದಿನ ಹೆಜ್ಜೆ ಜಿಸಿ-ಎಂಎಸ್. ಚೂರನ್ನು ರಾಸಾಯನಿಕವಾಗಿ ಒಡೆದು, ತುಣುಕುಗಳನ್ನು ಬೇರ್ಪಡಿಸಿ ತೂಗುವ ಯಂತ್ರ. ಹೈಡ್ರಾಕ್ಸಿಪ್ರೊಲಿನ್ ಅನ್ನುವ ಅಮೈನೋ ಆಮ್ಲ ಸಿಕ್ಕರೆ ಅದು ಚರ್ಮ ಮೂಳೆಯ ಅಂಟು. ಮೊಟ್ಟೆಯಲ್ಲಿ, ಹಾಲಿನಲ್ಲಿ ಅದು ಇರುವುದಿಲ್ಲ. ಎಣ್ಣೆ ಒಣಗಿ ಹಳತಾದಾಗ ಅಝೆಲಾಯಿಕ್ ಆಮ್ಲ ಹುಟ್ಟುತ್ತದೆ. ಅದು ಪಾಮಿಟಿಕ್ ಆಮ್ಲಕ್ಕಿಂತ ಜಾಸ್ತಿ ಇದ್ದರೆ ಒಣಗುವ ಎಣ್ಣೆ, ತೀರಾ ಕಡಿಮೆ ಇದ್ದರೆ ಮೊಟ್ಟೆಯ ಕೊಬ್ಬು. ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲದ ಅನುಪಾತ 1ರಿಂದ 2ರೊಳಗಿದ್ದರೆ ಅಗಸೆ ಎಣ್ಣೆ, ಅದಕ್ಕಿಂತ ಮೇಲೆ ಹೋದರೆ ಆಕ್ರೋಟು, ಗಸಗಸೆ ಎಣ್ಣೆ ಅನ್ನುವ ಹಳೆಯ ಲೆಕ್ಕ ಇದೆ. ನಾನು ಅದನ್ನು ಸುಳಿವು ಅಂತ ಮಾತ್ರ ನೋಡುತ್ತೇನೆ. ಎರಡು ಎಣ್ಣೆ ಬೆರೆತಿದ್ದರೆ, ಎಣ್ಣೆಯ ಜೊತೆ ಮೊಟ್ಟೆ ಇದ್ದರೆ ಲೆಕ್ಕ ಕೆಡುತ್ತದೆ. ಗೋಂದಿಗೆ ಸಕ್ಕರೆಗಳನ್ನು ಎಣಿಸಬೇಕು, ಅರಾಬಿನೋಸ್, ಗ್ಯಾಲಕ್ಟೋಸ್, ರ‍್ಯಾಮ್ನೋಸ್ ಎಷ್ಟೆಷ್ಟಿವೆ ಅಂತ.

ಈಗ ಪ್ರೋಟೀನ್ ತುಣುಕುಗಳ ಸರಣಿಯನ್ನೇ ಓದುವ ವಿಧಾನ ಬಂದಿದೆ. ಅದು ಅಂಟು ದನದ್ದಾ, ಕುರಿಯದ್ದಾ, ಮೀನಿನದ್ದಾ ಅಂತಲೂ ಹೇಳಬಲ್ಲದು. ತಾಮ್ರದ ನೀಲಿ ಹಸಿರು ಬಣ್ಣಗಳು ಮಾತ್ರ ಕಿರಿಕಿರಿ. ತಾಮ್ರ ಪ್ರೋಟೀನ್‌ಗೆ ಅಂಟಿಕೊಂಡು ಅಮೈನೋ ಆಮ್ಲದ ಎಣಿಕೆ ಕೆಡಿಸುತ್ತದೆ, ಮೊದಲು ಅದನ್ನು ತೆಗೆಯಬೇಕು.

ಅಂಟು ಸಿಕ್ಕಿತು ಅಂದ ಮೇಲೆ ಕಲಾವಿದ ಬಳಸಿದ್ದು ಅದನ್ನೇ, ಅಲ್ವಾ?

ಇಲ್ಲೇ ಎಲ್ಲರೂ ಎಡವುವುದು. ಚೂರಿನಲ್ಲಿ ಸಿಕ್ಕ ಅಂಟು ಯಾರ ಕೈಯದ್ದು ಅಂತ ಯಂತ್ರಕ್ಕೆ ಗೊತ್ತಿಲ್ಲ. ಬರೆದವನದ್ದಿರಬಹುದು. ನೂರು ವರ್ಷದ ಹಿಂದೆ ಉದುರುವುದನ್ನು ನಿಲ್ಲಿಸಲು ಯಾರೋ ಸವರಿದ್ದಿರಬಹುದು. ಬಣ್ಣ ಫಳಫಳ ಕಾಣಲಿ ಅಂತ ಇನ್ಯಾರೋ ಹಚ್ಚಿದ್ದಿರಬಹುದು.

ಸಿಸ್ಟೀನ್ ಚಾಪೆಲ್‌ನಲ್ಲಿ ಈ ಪ್ರಶ್ನೆಯೇ ದೊಡ್ಡ ಜಗಳವಾಯಿತು. ಅಲ್ಲಿ 1980ರಿಂದ 1994ರವರೆಗೆ ಶುಚಿ ಕೆಲಸ ನಡೆಯಿತು. ಮೇಲ್ಮೈಯಲ್ಲಿ ಮಸಿ ಹಿಡಿದ ಚರ್ಮದ ಅಂಟಿತ್ತು. ಹಿಂದಿನ ಕಾಲದವರು ಮಂಕಾದ ಬಣ್ಣ ಎದ್ದು ಕಾಣಲಿ ಅಂತ ಸವರಿದ್ದು, ತೆಗೆಯಬೇಕು ಅಂತ ಶುಚಿ ಮಾಡಿದವರು ವಾದಿಸಿದರು. ಅದರಲ್ಲಿ ಸ್ವಲ್ಪವಾದರೂ ಮೈಕೆಲ್ಯಾಂಜೆಲೊ ಕೊನೆಗೆ ತಾನೇ ನೆರಳಿಗಾಗಿ ಹಚ್ಚಿದ್ದು ಅಂತ ವಿರೋಧಿಗಳು ಹೇಳಿದರು. ‘ಅದು ಚರ್ಮದ ಅಂಟು’ ಅನ್ನುವ ಒಂದೇ ಫಲಿತಾಂಶದಿಂದ ಈ ಜಗಳ ತೀರುವುದಿಲ್ಲ. ಅಂಟು ಮಸಿಯ ಕೆಳಗಿದೆಯಾ ಮೇಲಿದೆಯಾ, ಬಿರುಕಿನೊಳಗೆ ಇಳಿದಿದೆಯಾ ಅಂತ ನೋಡಬೇಕು. ಬಿರುಕಿನೊಳಗೆ ಇಳಿದಿದ್ದರೆ ಬಿರುಕಾದ ಮೇಲೆ ಬಂದದ್ದು, ಅಂದರೆ ಬರೆದವನದ್ದಲ್ಲ.

ಅಜಂತಾದಲ್ಲಿ 1920ರಿಂದ 1922ರವರೆಗೆ ಇಟಲಿಯ ತಜ್ಞರು ಚಿತ್ರಗಳನ್ನು ಉಳಿಸಲು ಅರಗಿನ ವಾರ್ನಿಷ್ ಬಳಸಿದರು. ಅದು ಆಮೇಲೆ ಹಳದಿಗಟ್ಟಿತು. ಅಲ್ಲಿಯ ಚೂರಲ್ಲಿ ಅರಗು ಸಿಕ್ಕರೆ ಅದರಿಂದ ಗುಹೆ ಬರೆದವರ ಬಗ್ಗೆ ಏನೂ ತಿಳಿಯುವುದಿಲ್ಲ. ಇತ್ತೀಚಿನ ರಿಪೇರಿಗಳಲ್ಲಿ ಪ್ಯಾರಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ಎಲ್ಲೆಡೆ ಬಳಕೆಯಲ್ಲಿದೆ. ಅದರ ಎಫ್‌ಟಿಐಆರ್ ಗೆರೆ ಎಣ್ಣೆಯ ಗೆರೆಯ ಪಕ್ಕದಲ್ಲೇ ಬೀಳುತ್ತದೆ. ಆತುರದವರು ‘ಎಣ್ಣೆಬಣ್ಣ’ ಅಂದುಬಿಡುತ್ತಾರೆ.

ನಾನೇನೂ ಸಾಚಾ ಅಲ್ಲ. ಒಮ್ಮೆ ಚೆಂದದ ಪ್ರೋಟೀನ್ ಗೆರೆ ಬಂತು ಅಂತ ಎರಡು ದಿನ ಖುಷಿಯಾಗಿ ಓಡಾಡಿದೆ. ಪಕ್ಕದ ಖಾಲಿ ಗಾಜಿನ ಚೂರಿನಲ್ಲೂ ಅದೇ ಗೆರೆ. ಕೊನೆಗೆ ನೋಡಿದರೆ ಅದು ನನ್ನ ಕೈಯಿಂದ ಉದುರಿದ ಚರ್ಮದ ಹೊಟ್ಟು. ಆವತ್ತಿನಿಂದ ಖಾಲಿ ಮಾದರಿ ಓದದೆ ಮುಂದೆ ಹೋಗುವುದಿಲ್ಲ.

ಈಗ ಕಪ್ಪಾಗಿ ಕಾಣುವುದು ಮೊದಲಿಂದಲೂ ಕಪ್ಪೇನಾ?

ಎಷ್ಟೋ ಸಲ ಅಲ್ಲ. ಸೀಸದ ಬಿಳಿಗೆ ಗಂಧಕದ ಅನಿಲ ತಗುಲಿದರೆ ಕಪ್ಪು ಸೀಸದ ಸಲ್ಫೈಡ್ ಆಗುತ್ತದೆ. ಸೀಸದ ಸಿಂಧೂರ ಕಪ್ಪು ಕಂದಿನ ಸೀಸದ ಡೈಆಕ್ಸೈಡ್ ಆಗುತ್ತದೆ. ಚೀನಾದ ಮೊಗಾವೊ ಗುಹೆಗಳಲ್ಲಿ ಕಪ್ಪು ಮುಖದ ಆಕೃತಿಗಳು ಕಾಣುವುದು ಇದೇ ಕಾರಣಕ್ಕೆ, ಅವರ ಮೈಬಣ್ಣದಲ್ಲಿ ಸೀಸ ಇತ್ತು. ಅಝುರೈಟ್ ತೇವ ಮತ್ತು ಉಪ್ಪು ಸೇರಿದರೆ ಹಸಿರಾಗುತ್ತದೆ. ಮನಶ್ಶಿಲೆ ಅನ್ನುವ ಕೆಂಪು ಆರ್ಸೆನಿಕ್ ಖನಿಜ ಬೆಳಕಿಗೆ ಹಳದಿಯಾಗುತ್ತದೆ.

ಸ್ಮಾಲ್ಟ್ ಅನ್ನುವ ಕೋಬಾಲ್ಟ್ ಗಾಜಿನ ಪುಡಿಯದ್ದು ಬೇರೆ ಕಥೆ. ಅದರಲ್ಲಿರುವ ಪೊಟ್ಯಾಸಿಯಂ ಸೋರಿಹೋದರೆ ನೀಲಿ ಹೋಗಿ ಬೂದು ಉಳಿಯುತ್ತದೆ. ಮೋಡ ಕವಿದಂತೆ ಕಾಣುವ ಆಕಾಶ ಬರೆದ ಕಾಲಕ್ಕೆ ನಿಚ್ಚಳ ನೀಲಿಯಾಗಿದ್ದಿರಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಬಾಲ್ಟ್ ಇನ್ನೂ ಅಲ್ಲೇ ಇರುತ್ತದೆ, ಪೊಟ್ಯಾಸಿಯಂ ಮಾತ್ರ ಕಾಣೆ.

ಬಣ್ಣ ನೋಡಿ ಚಿತ್ರದ ಕಾಲ ಹೇಳಬಹುದಾ?

‘ಇದಕ್ಕಿಂತ ಹಳೆಯದಲ್ಲ’ ಅಂತ ಹೇಳಬಹುದು. ಪ್ರಷ್ಯನ್ ನೀಲಿ ಹುಟ್ಟಿದ್ದು 18ನೇ ಶತಮಾನದ ಮೊದಲ ದಶಕದಲ್ಲಿ, ಬರ್ಲಿನ್‌ನಲ್ಲಿ. ಕೃತಕ ಅಲ್ಟ್ರಾಮರೀನ್, ಅಂದರೆ ಕಾರ್ಖಾನೆಯಲ್ಲಿ ಮಾಡಿದ ರಾಜಾವರ್ತದ ನೀಲಿ, 1828ರ ಆಸುಪಾಸು. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದು 1920ರ ಹೊತ್ತಿಗೆ. ಥ್ಯಾಲೊಸಯನೀನ್ ನೀಲಿ 1930ರ ದಶಕದ್ದು. ಇವು ಯಾವ ಪದರದಲ್ಲಿವೆಯೋ ಆ ಪದರಕ್ಕೆ ಮಾತ್ರ ಈ ಮಾತು ಅನ್ವಯ.

ಬಲೆಗಳೂ ಇವೆ. ಕೆಲವು ಜೇಡಿಮಣ್ಣಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಸಹಜವಾಗಿಯೇ ಇರುತ್ತದೆ. ಅದರ ಒಂದು ಪುಟ್ಟ ಗೆರೆ ನೋಡಿ ಹಳೆಯ ಚಿತ್ರವನ್ನು ನಕಲಿ ಅನ್ನಬಾರದು. ಸೀಸ ತವರದ ಹಳದಿಯದ್ದು ಉಲ್ಟಾ ಕಥೆ. 1750ರ ಸುಮಾರಿಗೆ ಬಳಕೆ ತಪ್ಪಿ, ಅಂಥದ್ದೊಂದು ಬಣ್ಣ ಇತ್ತು ಅನ್ನುವುದೇ ಮರೆತುಹೋಗಿತ್ತು. 1941ರಲ್ಲಿ ಮ್ಯೂನಿಕ್‌ನ ಡರ್ನರ್ ಸಂಸ್ಥೆಯ ರಿಚರ್ಡ್ ಯಾಕೋಬಿ ಹಳೆಯ ಹಳದಿಗಳಲ್ಲಿ ತವರ ಇರುವುದನ್ನು ಗಮನಿಸಿ ಅದನ್ನು ಮತ್ತೆ ಬೆಳಕಿಗೆ ತಂದರು.

ರಾಜಾವರ್ತ ಕಲ್ಲಿನದ್ದಾ ಕಾರ್ಖಾನೆಯದ್ದಾ ಅಂತಲೂ ಬೇರ್ಪಡಿಸಬಹುದು. ಕಾರ್ಖಾನೆಯ ಕಣ ದುಂಡಗೆ, ಒಂದೇ ಅಳತೆಗೆ ಇರುತ್ತದೆ. ಕಲ್ಲಿನದ್ದು ಮೂಲೆಮೂಲೆಯಾಗಿ ಒಡೆದಿರುತ್ತದೆ. ಅಫ್ಘಾನಿಸ್ತಾನದ ಕಲ್ಲಿನೊಳಗೆ ಸಿಕ್ಕಿಬಿದ್ದ ಇಂಗಾಲದ ಡೈಆಕ್ಸೈಡ್ ಎಫ್‌ಟಿಐಆರ್‌ನಲ್ಲಿ 2340ರ ಹತ್ತಿರ ಒಂದು ಗೆರೆಯಾಗಿ ಕಾಣುತ್ತದೆ.

ಎಣ್ಣೆಬಣ್ಣ ಯುರೋಪಿನಲ್ಲಿ 15ನೇ ಶತಮಾನದಲ್ಲಿ ಹುಟ್ಟಿದ್ದಲ್ವಾ? ಅದಕ್ಕಿಂತ ಹಳೇ ಚಾವಣಿಯಲ್ಲಿ ಎಣ್ಣೆ ಸಿಕ್ಕರೆ ರಿಪೇರಿಯದ್ದು ಅನ್ನಬಹುದಾ?

ಅನ್ನಬೇಡಿ. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ 2001ರಲ್ಲಿ ಒಡೆದುಹಾಕಿದ ಬುದ್ಧನ ಮೂರ್ತಿಗಳ ಹಿಂದಿನ ಗುಹೆಗಳಲ್ಲಿ ಚಿತ್ರಗಳಿವೆ. ಅವುಗಳ ಚೂರುಗಳನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್‌ನಲ್ಲಿ, ಅಂದರೆ ತೀರಾ ಪ್ರಖರವಾದ ಎಕ್ಸ್‌ರೇ ಹೊರಡಿಸುವ ದೊಡ್ಡ ಯಂತ್ರದಲ್ಲಿ, ಪದರ ಪದರವಾಗಿ ಓದಿದರು. ಕೆಲವು ಗುಹೆಗಳಲ್ಲಿ ಒಣಗುವ ಎಣ್ಣೆ ಸಿಕ್ಕಿತು, 7ನೇ ಶತಮಾನದ ನಡುಭಾಗದ್ದು. ಫಲಿತಾಂಶ 2008ರಲ್ಲಿ ಹೊರಬಿತ್ತು. ಅದನ್ನು ನಂಬಲು ಕಾರಣ ಎಣ್ಣೆ ಸಿಕ್ಕಿದ್ದಷ್ಟೇ ಅಲ್ಲ, ಚಿತ್ರದ ಒಳ ಪದರದಲ್ಲೇ ಸೀಸದ ಬಿಳಿಯ ಜೊತೆ ಸೇರಿಕೊಂಡು ಸಿಕ್ಕಿದ್ದು. ಮೇಲಿಂದ ಯಾರೋ ಸವರಿದ್ದಾದರೆ ಅಲ್ಲಿ ಆ ರೀತಿ ಇರುತ್ತಿರಲಿಲ್ಲ.

ವರದಿಯಲ್ಲಿ ‘ಅಂಟು ಪತ್ತೆಯಾಗಿಲ್ಲ’ ಅಂತಿದೆ. ಅಂದರೆ ಫ್ರೆಸ್ಕೋ?

ಅಲ್ಲ. ಪತ್ತೆಯಾಗದಿರುವುದಕ್ಕೂ ಇಲ್ಲದಿರುವುದಕ್ಕೂ ತುಂಬಾ ದೂರ ಇದೆ. ಸೂಕ್ಷ್ಮಜೀವಿಗಳು ಅಂಟನ್ನು ತಿಂದು ಮುಗಿಸಿರಬಹುದು, ಸೋರಿದ ನೀರಲ್ಲಿ ತೊಳೆದುಹೋಗಿರಬಹುದು. ಕೊಳೆತ ಅಂಟಿನ ಗುರುತಾಗಿ ಕ್ಯಾಲ್ಸಿಯಂ ಆಕ್ಸಲೇಟ್ ಉಳಿದಿರುವುದುಂಟು, ಅದನ್ನು ಹುಡುಕಿದ್ದಾರಾ ನೋಡಿ. ಫ್ರೆಸ್ಕೋ ಅನ್ನಲು ಅದರದ್ದೇ ಸಾಕ್ಷಿ ಬೇಕು: ಬಣ್ಣದ ಕಣಗಳು ಸುಣ್ಣದೊಳಗೆ ಹುದುಗಿರಬೇಕು, ದಿನದಿನದ ಗಾರೆಯ ಸಂದು ಕಾಣಬೇಕು, ಹಸಿ ಗಾರೆಯಲ್ಲಿ ಒತ್ತಿದ ಗೆರೆ ಇರಬೇಕು.

ಬಣ್ಣ ಗೊತ್ತಾಯಿತಲ್ಲ, ಅದನ್ನೇ ತಂದು ಹೊಸದಾಗಿ ಹಚ್ಚಿಬಿಡಬಹುದಲ್ವಾ?

ಬೇಡ. ಮೂಲದ ಮೇಲೆ ಮೂಲದ್ದೇ ಬಣ್ಣ ಹಚ್ಚಿದರೆ ಮುಂದಿನ ಪರೀಕ್ಷೆಯಲ್ಲಿ ಯಾವುದು ಹಳೆಯದು, ಯಾವುದು ನಿಮ್ಮದು ಅಂತ ಬೇರ್ಪಡಿಸಲು ಆಗುವುದೇ ಇಲ್ಲ. ಬೋಳಾದ ಜಾಗದಲ್ಲಿ ಮಾತ್ರ, ಹತ್ತಿರ ಹೋದರೆ ಗುರುತು ಸಿಗುವಂಥ, ಬೇಕೆಂದಾಗ ತೆಗೆಯಬಹುದಾದ ಬಣ್ಣ ಹಚ್ಚುವುದು ಈಗಿನ ಪದ್ಧತಿ. ಜೊತೆಗೆ ಅರದಾಳ, ಸೀಸದ ಬಿಳಿ, ಇಂಗಳೀಕ ಎಲ್ಲ ವಿಷ.

ಒಂದೇ ಚಾವಣಿಗೆ ಎರಡು ಲ್ಯಾಬ್ ಎರಡು ಉತ್ತರ ಕೊಟ್ಟಿವೆ. ಯಾರನ್ನು ನಂಬೋದು?

ಇಬ್ಬರೂ ಸರಿ ಇರಬಹುದು. ಮೊದಲು ಚೂರು ತೆಗೆದ ಜಾಗದ ಫೋಟೋ ಎರಡೂ ಕಡೆಯಿಂದ ತರಿಸಿ ಪಕ್ಕಪಕ್ಕ ಇಡಿ. ಒಂದು ಚೂರು ಮಳೆ ಸೋರಿದ ಮೂಲೆಯದ್ದು, ಇನ್ನೊಂದು ಒಣಗಿದ ನಡುಭಾಗದ್ದು ಅಂತಾದರೆ ಉತ್ತರ ಬೇರೆ ಬಂದದ್ದರಲ್ಲಿ ವಿಶೇಷ ಇಲ್ಲ. ಆಮೇಲೆ ಅಡ್ಡಕೊಯ್ತದ ಚಿತ್ರ ಕೇಳಿ, ಎಷ್ಟನೇ ಪದರ ಓದಿದ್ದು ಅಂತ ಕೇಳಿ. ಇಡೀ ಚೂರನ್ನು ಪದರ ಬಿಡಿಸದೆ ಒಟ್ಟಿಗೆ ಕರಗಿಸಿ ಓದಿದ್ದರೆ ಆ ‘ಮೊಟ್ಟೆ ಮತ್ತು ಎಣ್ಣೆ’ ಒಬ್ಬನೇ ಕಲಸಿದ ಮಿಶ್ರಣ ಅಂತ ಹೇಳಲು ಬರುವುದಿಲ್ಲ. ಇನ್ನೂರು ವರ್ಷದ ಅಂತರದಲ್ಲಿ ಇಬ್ಬರು ಹಚ್ಚಿದ್ದೂ ಆಗಿರಬಹುದು. ಖಾಲಿ ಮಾದರಿ ಓದಿದ್ದಾರಾ, ಹಿಂದಿನ ರಿಪೇರಿಗಳ ಪಟ್ಟಿ ಅವರ ಕೈಗೆ ಸಿಕ್ಕಿತ್ತಾ ಅಂತಲೂ ಕೇಳಿ. ಆ ಪಟ್ಟಿ ಹೆಚ್ಚಿನ ಸಲ ಯಾವುದೋ ಕಪಾಟಿನಲ್ಲಿ ಇದ್ದೇ ಇರುತ್ತದೆ, ಕೇಳುವವರು ಇರುವುದಿಲ್ಲ.